ಉಲ್ಲಾಸದಿಂದ ಒಂದು ಸಂಜೆ ರಜೆ ಕೋರಿ

ಇಂದ:
ಅಂಬಾರಾಯ, ಅರ್ಜಿ ಬರೆಯುವವನು,
ಕೋರ್ಟಿನ ಮುಂದಿನ ಬೇವಿನ ಗಿಡದ ನೆರಳು, ಚಿತ್ತಾಪುರ.
(ಸದ್ಯದ ವಿಳಾಸ: ಸ್ವಂತ ಮನೆಯ ಹೊರಸು, ಅಂದರೆ ಮಂಚ. ಬಲಗಾಲಿಗೆ ಪ್ಲಾಸ್ಟರ್ ಇದೆ.)

ಗೆ:
ಶ್ರೀ ಮಡಿವಾಳಯ್ಯನವರು,
ಅಧ್ಯಕ್ಷರು, ತರುಣ ವಾಲಿಬಾಲ್ ಸಂಘ, ಚಿತ್ತಾಪುರ,
ಹಾಗೂ ಸದರಿ ಸಂಘದ ಉಲ್ಲಾಸ ಸಮಿತಿಯ ಅಧ್ಯಕ್ಷರು,
ಹಾಗೂ ಪರ್ಸಿ ಹಾಸುಗಲ್ಲಿನ ವ್ಯಾಪಾರಿಗಳು.

ದಿನಾಂಕ: 15-2-1968, ಗುರುವಾರ

ವಿಷಯ: ಬರುವ ಶನಿವಾರ ಸಂಜೆ ಅರ್ಜಿದಾರನಿಗೆ ಉಲ್ಲಾಸದಿಂದ ಇರುವ ಕೆಲಸದಿಂದ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: 1) "ಇವರ ಮನಸ್ಸು ಉಲ್ಲಾಸದಿಂದ ಇರಬೇಕು" ಎಂದು ಗುಲ್ಬರ್ಗಾದ ಡಾಕ್ಟರರು ಬಾಯಿಮಾತಿನಲ್ಲಿ ಕೊಟ್ಟ ಅಪ್ಪಣೆ.
2) ಸದರಿ ಅಪ್ಪಣೆಯನ್ನು ಜಾರಿಗೆ ತರಲು ನಮ್ಮ ಸಂಘವು ಒಮ್ಮತದಿಂದ ಪಾಸು ಮಾಡಿದ ಠರಾವು. (ಅರ್ಜಿದಾರನು ಆಗ ಮಲಗಿದ್ದರಿಂದ ಅವನ ಮತ ಕೇಳಲಾಗಿಲ್ಲ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇಲ್ಲಿಯವರೆಗೆ ಊರ ಮಂದಿಯ ಹೊಲದ ತಕರಾರು, ಅಣ್ಣತಮ್ಮಂದಿರ ನಡುವಿನ ಗೋಡೆ, ತಪ್ಪಿಸಿಕೊಂಡ ಎಮ್ಮೆ ಮುಂತಾದ ದುಃಖಗಳನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟವನು. ಸ್ವಂತ ದುಃಖಕ್ಕೆ ಬರೆಯುತ್ತಿರುವ ಅರ್ಜಿ ಇದೇ ಮೊದಲು. ಎದುರಿಗೇ ಹೇಳೋಣವೆಂದರೆ ನಾನು ಬಾಯಿ ತೆರೆಯುವುದರೊಳಗೆ ತಾವು ಒಂದು ನಗೆಯ ಮಾತು ಹೇಳಿ ಎದ್ದುಬಿಡುತ್ತೀರಿ. ಕಾರಣ, ಬರಹದ ಮೂಲಕ ಹಾಜರಾಗಿದ್ದೇನೆ.

ಭಾನುವಾರ ಶಹಾಬಾದಿನಲ್ಲಿ ನಡೆಯುವ ಪಂದ್ಯಕ್ಕೆ ನನ್ನನ್ನು ಹೊರಸಿನ ಸಮೇತ ತಮ್ಮ ಕಲ್ಲಿನ ಲಾರಿಯಲ್ಲಿ ಒಯ್ದು, ವೇದಿಕೆಯ ಮೇಲೆ ಇಟ್ಟು, ಹಾರ ಹಾಕಿ, "ನಮ್ಮ ಅಂಬಾರಾಯ ದಸರಾಕ್ಕ ಮತ್ತ ಆಡ್ತಾನ" ಎಂದು ತಾವು ಮೈಕಿನಲ್ಲಿ ಸಾರುವವರಿದ್ದೀರಿ ಎಂದು ತಿಳಿದುಬಂದಿದೆ. ಆಗ ನಾನು ನಗುತ್ತ ಕೈ ಬೀಸಬೇಕು ಎಂದೂ ತಿಳಿದುಬಂದಿದೆ. ಅದು ಆಗುವ ಮೊದಲು ಈ ಕೆಳಗಿನ ಸಂಗತಿಗಳನ್ನು ತಾವು ದಯಮಾಡಿ ಓದಬೇಕು.

1. ಘಟನೆಯ ಹಿನ್ನೆಲೆ. ನಮ್ಮ ಮೈದಾನದ ಸುಣ್ಣದ ಗೆರೆಗಳು ಒಂದು ದಿನವೂ ಬಾಳುತ್ತಿರಲಿಲ್ಲ. ಅರ್ಧ ಗಾಳಿಗೆ ಹೋದರೆ, ಉಳಿದರ್ಧವನ್ನು ಆಟ ನೋಡಲು ಬಂದ ಹಿರಿಯರು ಉಗುರಿನಿಂದ ಕೆರೆದು ತಂಬಾಕಿಗೆ ತಿಕ್ಕಿಕೊಳ್ಳುತ್ತಿದ್ದರು. ಆದ್ದರಿಂದ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳ ಆಟಕ್ಕಿಂತ ಉದ್ದವಾಗುತ್ತಿತ್ತು. ಆದ ಕಾರಣ ತಾವು ಉದಾರ ಮನಸ್ಸಿನಿಂದ ತಮ್ಮ ಗಣಿಯ ಪರ್ಸಿ ಕಲ್ಲು ತರಿಸಿ, ಗೆರೆಯ ಉದ್ದಕ್ಕೂ ಹೂಳಿಸಿ, "ಇನ್ನ ಈ ಗೆರಿ ಯಾರಪ್ಪನ ಕೈಲಿಂದನೂ ಅಳಸಂಗಿಲ್ಲ ನೋಡ್ರಿ" ಎಂದಿರಿ. ಮಾಳಿಗೆಗೆ ಪರ್ಸಿ, ನೆಲಕ್ಕೆ ಪರ್ಸಿ, ಬಚ್ಚಲಿಗೆ ಪರ್ಸಿ, ಹರಟೆ ಹೊಡೆಯುವ ಕಟ್ಟೆಗೂ ಪರ್ಸಿ ಹಾಕುವ ಈ ಸೀಮೆಯಲ್ಲಿ ವಾಲಿಬಾಲ್ ಅಂಗಳಕ್ಕೂ ಪರ್ಸಿ ಎಂದಾಗ ಒಬ್ಬರಿಗೂ ಅನುಮಾನ ಬರಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

2. ಘಟನೆ. ವಾಡಿಯವರ ಮೇಲಿನ ಪಂದ್ಯದಲ್ಲಿ ನಮ್ಮ ಶೌಕತ ಅಲಿ ಬಲೆಯ ತುದಿಗೆ ಚೆಂಡನ್ನು ಎತ್ತಿಕೊಟ್ಟ. ಟೇಲರಾದ ಅವನ ಕೈಯಿಂದ ಏಳುವ ಚೆಂಡು ಅಳತೆ ಹಿಡಿದು ಕತ್ತರಿಸಿದ ಹಾಗೆ ಇರುತ್ತದೆ ಎಂಬುದು ತಮಗೆ ಗೊತ್ತೇ ಇದೆ. ನಾನು ಜಿಗಿದೆ, ಹೊಡೆದೆ, ಚೆಂಡು ವಾಡಿಯವರ ಅಂಗಳದಲ್ಲಿ ಬಿತ್ತು. ಆಮೇಲೆ ನಾನು ಬಿದ್ದೆ. ಅರ್ಧ ಪಾದ ಮಣ್ಣಿನ ಮೇಲೆ, ಅರ್ಧ ಪಾದ ತಮ್ಮ ಅಳಿಸಲಾಗದ ಗೆರೆಯ ಅಂಚಿನ ಮೇಲೆ. ಲಟಕ್ ಎಂದ ಸಪ್ಪಳ ನೋಡುಗರಿಗೂ ಕೇಳಿತಂತೆ. ಪಾಯಿಂಟು ನಮಗೇ ಸಿಕ್ಕಿತು ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ.

3. ಉಲ್ಲಾಸ ಸಮಿತಿಯ ಸೇವೆ. ದಿನವೂ ಸಂಜೆ ಸಮಿತಿಯ ಇಬ್ಬರು ಸದಸ್ಯರು ತಪ್ಪದೆ ಬರುತ್ತಾರೆ. ಒಬ್ಬರು ನಗಿಸುತ್ತಾರೆ, ಇನ್ನೊಬ್ಬರು ನಾನು ನಕ್ಕೆನೋ ಇಲ್ಲವೋ ನೋಡುತ್ತಾರೆ. ಬಂದವರಿಗೆ ಕೂಡಲು ಜಾಗ ಸಾಲದೆಂದು ತಾವು ನನ್ನ ಬಾಗಿಲ ಮುಂದೆ ಒಂದು ಪರ್ಸಿ ಕಟ್ಟೆಯನ್ನೂ ಹಾಕಿಸಿಕೊಟ್ಟಿದ್ದೀರಿ. ಈಗ ಅದರ ಮೇಲೆ ವಾಲಿಬಾಲಿಗೂ ನನಗೂ ಯಾವ ಸಂಬಂಧವೂ ಇಲ್ಲದವರು ಕುಳಿತು ಶೇಂಗಾ ತಿನ್ನುತ್ತಾರೆ. ಅದಕ್ಕೆ ನನ್ನ ತಕರಾರು ಇಲ್ಲ.

ತಕರಾರು ನಗುವಿನ ಬಗ್ಗೆ. ಶೌಕತ ಅಲಿಯು ಸೇಡಂಗೆ ಹೋಗಬೇಕಾದ ಒಬ್ಬ ಅಳಿಯ ವಾಡಿ ಜಂಕ್ಷನ್ನಿನಲ್ಲಿ ತಪ್ಪು ಗಾಡಿ ಹತ್ತಿದ ಕಥೆಯನ್ನು ಹೇಳುತ್ತಾನೆ. ಪ್ರತಿ ಸಲ ಅಳಿಯ ಒಂದು ಸ್ಟೇಷನ್ ಮುಂದೆ ಇಳಿಯುತ್ತಾನೆ. ಮೊನ್ನೆ ರಾಯಚೂರು ದಾಟಿದ. ಕಥೆ ಮುಗಿದಾಗ ಶೌಕತ ಅಲಿಯೇ ಮೊದಲು ನಕ್ಕು, ಖುಷಿ ತಡೆಯಲಾರದೆ ಹೊರಸಿನ ಅಂಚಿಗೆ ಹೊಡೆಯುತ್ತಾನೆ. ಹಗ್ಗದ ಹೊರಸು ಅಲುಗಾಡುತ್ತದೆ, ಕಾಲು ಅಲುಗಾಡುತ್ತದೆ, ಪ್ರಾಣ ಬಾಯಿಗೆ ಬರುತ್ತದೆ. ನನ್ನ ಹಲ್ಲು ಕಾಣಿಸುತ್ತದೆ. ನೋಡುವವರು ಅದನ್ನು ನಗು ಎಂದು ವರದಿ ಮಾಡುತ್ತಾರೆ.

4. ಚಿಂಚೋಳಿಯ ಮನುಷ್ಯನ ಬಗ್ಗೆ. ಕಾಲು ಮುರಿದು ಕೂಡಿದ ಮೇಲೆ ಮೊದಲಿಗಿಂತ ಜೋರಾಗಿ ಓಡಲು ಹತ್ತಿದ ಒಬ್ಬ ವ್ಯಕ್ತಿಯನ್ನು ನನಗೆ ಧೈರ್ಯ ಬರಲೆಂದು ಎಲ್ಲರೂ ಉದಾಹರಿಸುತ್ತಾರೆ. ಸದರಿ ವ್ಯಕ್ತಿಯು ಸೋಮವಾರ ಚಿಂಚೋಳಿಯವನಾಗಿದ್ದು, ಮಂಗಳವಾರ ಮುಧೋಳದವನಾಗಿದ್ದಾನೆ. ಒಬ್ಬರ ಪ್ರಕಾರ ಅವನ ಎಡಗಾಲು ಮುರಿದಿತ್ತು, ಇನ್ನೊಬ್ಬರ ಪ್ರಕಾರ ಬಲಗಾಲು, ತಮ್ಮ ಪ್ರಕಾರ ಎರಡೂ. ಕೋರ್ಟಿನ ಮುಂದೆ ಕುಳಿತು ಹೊಟ್ಟೆ ಹೊರೆಯುವ ನನಗೆ ಇಂಥ ಸಾಕ್ಷಿಯ ಗತಿ ಏನಾಗುತ್ತದೆ ಎಂಬುದು ಗೊತ್ತಿದೆ. ಅವನನ್ನು ಒಮ್ಮೆ ಹಾಜರುಪಡಿಸಿರಿ, ಇಲ್ಲವೇ ಇನ್ನು ಕೈಬಿಡಿರಿ.

5. ತಾಜುನ್ನಿಸಾ ಖಾಲಾ ಅವರ ಮೇಲಿನ ನಿರ್ಬಂಧ. ಮೈದಾನದ ಮಗ್ಗುಲ ಮನೆಯ ಈ ವಯಸ್ಸಾದ ತಾಯಿ ನನ್ನನ್ನು ನೋಡಲು ಬಂದವರು ನಗೆಯ ಮಾತು ಒಂದೂ ಹೇಳಲಿಲ್ಲ. ಪ್ಲಾಸ್ಟರಿನ ಮೇಲೆ ಕೈ ಇಟ್ಟು, "ಅಯ್ಯ ಬೇಟಾ, ಎಷ್ಟು ಮ್ಯಾಲ ಹಾರ್ತಿದ್ದಿ! ನಮ್ಮ ಗ್ವಾಡಿ ಮ್ಯಾಲಿಂದ ನಿನ್ನ ತಲಿ ಕಾಣ್ತಿತ್ತು. ಭಾಳ ನೋವಾಗ್ಯಾದೇನೋ?" ಎಂದು ಅತ್ತುಬಿಟ್ಟರು.

"ಹೌದ ಖಾಲಾ, ಭಾಳ ನೋವಾಗ್ಯಾದ" ಎಂದೆ. ಕಾಲು ಮುರಿದ ಮೇಲೆ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾಕೆಂದರೆ ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಆ ರಾತ್ರಿ ನನಗೆ ಗಾಢವಾದ ನಿದ್ದೆ ಬಂತು. ಆದರೆ ಮರುದಿನ ಸಮಿತಿಯವರು ಖಾಲಾ ಅವರನ್ನು ಬಾಗಿಲಲ್ಲೇ ತಡೆದು, "ಅಳೂದಿದ್ರ ಬರಬ್ಯಾಡ್ರಿ, ಡಾಕ್ಟರ್ ಹುಕುಂ ಅದ" ಎಂದು ಹಿಂದಕ್ಕೆ ಕಳಿಸಿದ್ದಾರೆ. ಆ ತಾಯಿ ಈಗ ಹಿತ್ತಲ ಬಾಗಿಲಿನಿಂದ ಖೀರು ಮಾತ್ರ ಕಳಿಸುತ್ತಿದ್ದಾರೆ.

6. ನನ್ನ ಹೆಂಡತಿಯ ಸ್ಥಿತಿ. ನಾನು ಸಪ್ಪಗಾದರೆ ತಿಳಿಸಬೇಕೆಂದು ಸಮಿತಿಯು ಚಂದಮ್ಮನಿಗೂ ಒಂದು ಜವಾಬ್ದಾರಿ ಹೊರಿಸಿದೆ. ಆದ್ದರಿಂದ ಅವಳೂ ಉಲ್ಲಾಸದಿಂದ ಇರಬೇಕಾಗಿದೆ. ಮೊನ್ನೆ ಹೊರಗೆ ಸದಸ್ಯರ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು, "ರೀ, ನಗೂದು ಈಗೇನು, ಅವರು ಒಳಗ ಬಂದು ಕುಂತ ಮ್ಯಾಲೇನು?" ಎಂದು ಕೇಳಿದಳು.

"ಕುಂತ ಮ್ಯಾಲ" ಎಂದೆ.

ಮಾನ್ಯರೇ, ನಾವಿಬ್ಬರೂ ಮದುವೆಯಾದಾಗಿನಿಂದ ಬಹಳ ನಕ್ಕವರು. ಯಾವಾಗ ನಗಬೇಕೆಂದು ಒಬ್ಬರನ್ನೊಬ್ಬರು ಕೇಳಿದ್ದು ಇದುವರೆಗೆ ಇರಲಿಲ್ಲ. ಅಂದು ನನಗೆ ಬಹಳ ಕೆಟ್ಟದೆನಿಸಿತು.

7. ಆಸ್ಪತ್ರೆಯ ವರಾಂಡ. ಗುಲ್ಬರ್ಗಾದ ಡಾಕ್ಟರರು ಪ್ಲಾಸ್ಟರ್ ಹಾಕಿ, ಉಲ್ಲಾಸದ ಅಪ್ಪಣೆ ಕೊಟ್ಟು, ತಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನನ್ನ ಕಾಲು ಮುರಿದಿತ್ತೇ ಹೊರತು ಕಿವಿಗೆ ಏನೂ ಆಗಿರಲಿಲ್ಲ. ಡಾಕ್ಟರರು, "ಎಲುಬು ಕೂಡ್ತದ. ನಡೀತಾರ, ಸೈಕಲ್ ಹೊಡೀತಾರ. ಆದ್ರ ಜಿಗಿಯೂದು ಮಾತ್ರ ಮರೀಬೇಕು" ಎಂದರು. ತಾವು ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದ ಮೇಲೆ ಕಣ್ಣಿಂದ ಚಾಳೀಸು ತೆಗೆದು ಒರೆಸುತ್ತ, "ಏ ಪೈಲ್ವಾನ, ಡಾಕ್ಟರ್ ಏನಂದ್ರು ಗೊತ್ತೇನು? ದಸರಾಕ್ಕ ಆಡ್ತಾನ ಅಂದ್ರು!" ಎಂದಿರಿ. ನಾನು, "ಹೌದಾ? ಭಾಳ ಛಲೋ ಆತು" ಎಂದೆ.

ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು ಬರುತ್ತಿದ್ದೇವೆ.

8. ಕಲ್ಲಿನ ಬಗ್ಗೆ ಸ್ಪಷ್ಟೀಕರಣ. ತಾವು ಬಂದಾಗಲೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತೀರಿ, ಮಾಳಿಗೆ ನೋಡುತ್ತೀರಿ, ನನ್ನ ಕಾಲನ್ನು ಮಾತ್ರ ನೋಡುವುದಿಲ್ಲ. ನಾನು ನಕ್ಕರೆ ತಮ್ಮ ಮುಖ ಹಗುರಾಗುತ್ತದೆ. ಅದಕ್ಕೋಸ್ಕರ ಎಷ್ಟೋ ಸಲ ನಗು ಬಾರದಿದ್ದರೂ ನಕ್ಕಿದ್ದೇನೆ. ಹದಿನಾಲ್ಕು ವರ್ಷದ ಹುಡುಗನಾಗಿ ಗೋಡೆಗೆ ಒರಗಿ ಆಟ ನೋಡುತ್ತಿದ್ದ ನನ್ನನ್ನು ಕರೆದು, "ಏ, ಬಾ ಇಲ್ಲಿ, ಜಿಗಿದು ತೋರ್ಸು" ಎಂದವರು ತಾವೇ. ತಮ್ಮ ಮೇಲೆ ನನಗೆ ದೂರಿಲ್ಲ, ದಾವೆ ಇಲ್ಲ, ಒಳಗೊಳಗೆ ಸಿಟ್ಟೂ ಇಲ್ಲ. ಮೊದಲ ವಾರ ಸ್ವಲ್ಪ ಇತ್ತು, ಈಗ ಇಲ್ಲ. ಇದನ್ನು ಬರಹದಲ್ಲಿ ಕೊಡುತ್ತಿದ್ದೇನೆ, ತಾವು ಇಟ್ಟುಕೊಳ್ಳಬಹುದು.

9. ಅರ್ಜಿದಾರನ ಉಲ್ಲಾಸದ ನಿಜಸ್ಥಿತಿ. ನಾನು ಕೈಚೆಲ್ಲಿ ಕುಳಿತಿದ್ದೇನೆಂದು ದಯಮಾಡಿ ತಿಳಿಯಬಾರದು. ಹೊಟ್ಟೆಪಾಡಿಗೆ ಧಕ್ಕೆಯಿಲ್ಲ, ಅರ್ಜಿ ಬರೆಯುವುದು ಕೈಯಿಂದ. ಕಕ್ಷಿದಾರರು ಈಗ ಮನೆಗೇ ಬರುತ್ತಿದ್ದಾರೆ. ಹಾಸಿಗೆಯಲ್ಲಿರುವವನಿಗೆ ಹೆಚ್ಚು ಸುಳ್ಳು ಹೇಳಬಾರದೆಂದು ಅವರಿಗೆ ಅನಿಸುವುದರಿಂದ ಅರ್ಜಿಗಳೂ ಮೊದಲಿಗಿಂತ ಚೆನ್ನಾಗಿ ಬರುತ್ತಿವೆ. ಬೆಳಗಿನ ಬಿಸಿಲು ಹೊರಸಿನ ಮೇಲೆ ಬಂದಾಗ ಸುಖವೆನಿಸುತ್ತದೆ. ನಡೆಯುತ್ತೇನೆಂಬುದು ಸಣ್ಣ ಮಾತಲ್ಲ ಎಂದೂ ಗೊತ್ತಿದೆ.

ಆದರೆ ಜಿಗಿಯುವುದು ಬೇರೆ. ಮೇಲೆ ಹೋಗಿ, ಇನ್ನೂ ಕೆಳಗೆ ಬಾರದೆ ಇರುವ ಆ ಒಂದು ಗಳಿಗೆಯಲ್ಲಿ ನನಗೆ ಕೋರ್ಟಿಲ್ಲ, ಕಚೇರಿಯಿಲ್ಲ, ಯಾರ ತಕರಾರೂ ಇಲ್ಲ. ಬಲೆಯ ಆಚೆಯ ಅಂಗಳವೆಲ್ಲ ಒಮ್ಮೆಲೇ ಕಾಣುತ್ತಿತ್ತು. ಅದು ಹೋಯಿತು. ಅದಕ್ಕಾಗಿ ನಾನು ಒಮ್ಮೆ ಸರಿಯಾಗಿ ಅಳಬೇಕು. ದಸರೆ, ದಸರೆ ಎಂದು ಎಲ್ಲರೂ ಹೇಳುತ್ತಿರುವವರೆಗೆ ಅದು ಹೋಗಿಯೇ ಇಲ್ಲ ಎಂದಾಗುತ್ತದೆ. ಹೋಗದೇ ಇರುವುದಕ್ಕೆ ಅಳುವುದು ಹೇಗೆ? ಅತ್ತು ಮುಗಿಸದೆ ಉಳಿದದ್ದರ ಕಡೆ ಕಣ್ಣು ಹಾಯಿಸುವುದು ನನ್ನಿಂದ ಆಗುತ್ತಿಲ್ಲ.

10. ತುರ್ತಿನ ಕಾರಣ. ನಿನ್ನೆ ಚಂದಮ್ಮನು ನನ್ನ ಕ್ಯಾನ್ವಾಸ್ ಬೂಟುಗಳನ್ನು ತೊಳೆದು, ಬಿಳಿ ಹಚ್ಚಿ, ಅಂಗಳದಲ್ಲಿ ಒಣಗಲು ಇಟ್ಟಳು. "ಈಗ್ಯಾಕ?" ಎಂದು ಕೇಳಿದೆ. "ಇರ್ಲಿ ಬಿಡ್ರಿ, ದಸರಾ ಅನ್ನೂದ್ರಾಗ ಬರ್ತದ" ಎಂದಳು. ಕಾರಣ, ಇನ್ನು ತಡಮಾಡುವಂತಿಲ್ಲ.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದ, ತಾವು ದೊಡ್ಡ ಮನಸ್ಸು ಮಾಡಿ:

ಅ) ಶನಿವಾರ ದೀಪ ಹಚ್ಚುವ ಹೊತ್ತಿನಿಂದ ನನಗೂ ನನ್ನ ಮನೆಯವಳಿಗೂ ಉಲ್ಲಾಸದಿಂದ ರಜೆ ಮಂಜೂರು ಮಾಡಬೇಕು. ಆ ಸಂಜೆ ಸಮಿತಿಯ ಯಾರೂ ಬರಬಾರದು. ಅಳಿಯನನ್ನು ಶೌಕತ ಅಲಿಯು ಯಾವ ಸ್ಟೇಷನ್ನಿನಲ್ಲಾದರೂ ಇಳಿಸಿ ತಾನು ಮನೆಯಲ್ಲಿರಬೇಕು.

ಆ) ತಾಜುನ್ನಿಸಾ ಖಾಲಾ ಅವರ ಮೇಲಿನ ನಿರ್ಬಂಧ ತೆಗೆದು, ಅವರು ಮುಂಬಾಗಿಲಿನಿಂದ ಬಂದು ಮನಸಾರೆ ಅಳಲು ಅವಕಾಶ ಕೊಡಬೇಕು.

ಇ) ಮೈಕಿನಲ್ಲಿ ದಸರೆಯ ಮಾತು ಆಡಬಾರದು.

ಈ) ಅದೇ ಶನಿವಾರ ಸಂಜೆ ತಾವೊಬ್ಬರೇ ನನ್ನ ಮನೆಗೆ ಬಂದು, ಹೊರಸಿನ ಮಗ್ಗುಲಿಗೆ ಕುಳಿತು, ನನ್ನ ಕಾಲನ್ನು ನೋಡಿ, ಡಾಕ್ಟರರು ವರಾಂಡದಲ್ಲಿ ಹೇಳಿದ ಮಾತನ್ನು ನನಗೆ ಹೇಳಬೇಕು. ನಾನು ಹೊಸದಾಗಿ ಕೇಳುವವನಂತೆ ಕೇಳುತ್ತೇನೆ. ತಮಗೆ ಅಳು ಬಂದರೆ ತಡೆಯುವವರು ಯಾರೂ ಇರುವುದಿಲ್ಲ.

ಇಷ್ಟು ನಡೆಸಿಕೊಟ್ಟರೆ ಭಾನುವಾರ ನಾನು ಖಂಡಿತವಾಗಿ ಲಾರಿ ಹತ್ತುತ್ತೇನೆ. ಹಾರ ಹಾಕಿಸಿಕೊಳ್ಳುತ್ತೇನೆ. ನನ್ನ ಜಾಗದಲ್ಲಿ ಆಡುವವನು ಚೆನ್ನಾಗಿ ಹೊಡೆದರೆ ಎಲ್ಲರಿಗಿಂತ ಜೋರಾಗಿ ಕೂಗುತ್ತೇನೆ. ಆಗ ನಾನು ನಕ್ಕರೆ ಅದನ್ನು ನೋಡಿ ಯಾರೂ ವರದಿ ಮಾಡಬೇಕಾಗಿಲ್ಲ.

ದಸರೆಗೆ ಆಡದಿದ್ದರೂ ಎಂದೆಂದೂ ತಮ್ಮ ಸಂಘದವನೇ ಆದ,
ತಮ್ಮ ವಿಶ್ವಾಸಿ
(ಸಹಿ) ಅಂಬಾರಾಯ

ಲಗತ್ತುಗಳು:
1) ಚಿಂಚೋಳಿಯ ಮನುಷ್ಯನ ಬಗ್ಗೆ ಬೇರೆಬೇರೆ ಸದಸ್ಯರು ನೀಡಿದ ಹೇಳಿಕೆಗಳು, ಒಂದಕ್ಕೊಂದು ಹೊಂದದ ಕಡೆ ಗುರುತು ಹಾಕಿದೆ.
2) ಖೀರಿನ ಖಾಲಿ ಬಟ್ಟಲು. ಈ ಅರ್ಜಿ ತರುವ ಶೌಕತ ಅಲಿಯು ದಾರಿಯಲ್ಲಿ ಖಾಲಾ ಅವರಿಗೆ ತಲುಪಿಸುತ್ತಾನೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಸಂಘದ ಸಭೆಯಲ್ಲಿ ಓದಬಾರದು. ಓದಿದರೆ ನನ್ನನ್ನು ಸಮಾಧಾನ ಮಾಡಲು ಇನ್ನೊಂದು ಸಮಿತಿ ಹುಟ್ಟುತ್ತದೆ.

ಕೊನೆಯದಾಗಿ ಒಂದು ಬಿನ್ನಹ: ಶನಿವಾರ ಆ ಮಾತನ್ನು ಹೇಳುವಾಗ ತಾವು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಚಂದಮ್ಮ ಅಡುಗೆ ಮನೆಯಲ್ಲಿರುತ್ತಾಳೆ. ಅವಳಿಗೆ ನಾನು ಇನ್ನೂ ಹೇಳಿಲ್ಲ.