ಜೋಡಿ ಛತ್ರಿಯ ಭಾವ

ನಮ್ಮ ಭಾವನವರಿಗೆ ದೇವರ ಮೇಲೆ ಇದ್ದದ್ದು ಒಂದೇ ತಕರಾರು: ಸೂರ್ಯ ಒಬ್ಬನೇ ಇದ್ದಾನೆ. ಅವನು ಒಂದು ದಿನ ಕೈಕೊಟ್ಟರೆ ಮುಂದೇನು? ಇಷ್ಟು ದೊಡ್ಡ ಸೃಷ್ಟಿ ಮಾಡಿದವನು ಪಕ್ಕದಲ್ಲಿ ಇನ್ನೊಬ್ಬನನ್ನು ತಯಾರಿಟ್ಟುಕೊಳ್ಳಬಾರದಿತ್ತೇ? ಜೇವರ್ಗಿಯ ಬಿಸಿಲಲ್ಲಿ ನಿಂತು ಎರಡನೆಯ ಸೂರ್ಯನನ್ನು ಬಯಸಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು!

ಭಾವ ಅಂದರೆ ನನ್ನ ಅಕ್ಕನ ಗಂಡ. ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಯಾವ ಇಲಾಖೆ ಎಂದು ಕೇಳಬೇಡಿ, ಆ ಇಲಾಖೆಗೂ ಮಾನ ಮರ್ಯಾದೆ ಇದೆ. ಟೈಪ್‌ರೈಟರು, ಫೋನು, ಜೀಪು, ಜನರೇಟರು, ಕುಡಿಯುವ ನೀರು, ಬೀಗದ ಕೈ, ಹೀಗೆ ಕಚೇರಿ ನಡೆಯಲು ಬೇಕಾದದ್ದೆಲ್ಲ ಅವರ ಸುಪರ್ದಿಯಲ್ಲಿತ್ತು. ಸಾಹೇಬರು ಸಹಿ ಮಾಡುತ್ತಾರೆ, ಸರಿ. ಆ ಪೆನ್ನಿನಲ್ಲಿ ಮಸಿ ಇರುವಂತೆ ನೋಡಿಕೊಳ್ಳುವವರು ಯಾರು? ಭಾವ. ಆ ಪೆನ್ನು ಕೆಟ್ಟರೆ ಇನ್ನೊಂದು ಅವರ ಜೇಬಿನಲ್ಲಿ ಸಿದ್ಧ. ಜೇಬಿನಲ್ಲಿ ಎರಡು ಪೆನ್ನು, ಎರಡು ಕರವಸ್ತ್ರ, ಮೂಗಿನ ಮೇಲೊಂದು ಕನ್ನಡಕ, ಪೆಟ್ಟಿಗೆಯಲ್ಲೊಂದು ಕನ್ನಡಕ. ಸೈಕಲ್ಲಿಗೆ ನಡುಬೇಸಿಗೆಯಲ್ಲೂ ಎರಡು ಛತ್ರಿ. ಊರವರು ಅವರನ್ನು ಕರೆಯುತ್ತಿದ್ದುದೇ ‘ಜೋಡಿ ಛತ್ರಿ ಸಾಹೇಬ್ರು’ ಎಂದು.

ಎಪ್ಪತ್ತರ ದಶಕದಲ್ಲಿ ಅವರ ಮದುವೆ ಆಳಂದದಲ್ಲಿ, ನಮ್ಮ ಮನೆಯಂಗಳದಲ್ಲೇ ಆಯಿತು. ಮಂತ್ರ ಹೇಳಲು ನಮ್ಮೂರ ಅಯ್ಯನವರು ಬಂದಿದ್ದರು. ಒಳಕೋಣೆಯಲ್ಲಿ ನೋಡಿದರೆ ಅಫಜಲಪುರದ ಇನ್ನೊಬ್ಬ ಅಯ್ಯನವರು ಗೋಡೆಗೆ ಒರಗಿ ಕೂತಿದ್ದಾರೆ. ಅಪ್ಪ ಗಾಬರಿಯಾಗಿ ಕೇಳಿದರು.

“ಇವರು ಯಾಕ ಬಂದಾರ್ರಿ?”

“ಅವರಿಗೆ ನಡುವ ಗಂಟಲ ಕಟ್ಟಿದರ ಮುಂದೇನ್ರಿ ಮಾವ? ಅಕ್ಷತೆ ಕೈಯಾಗ ಹಿಡಕೊಂಡು ನಿಂದ್ರೂದೇನು?” ಎಂದರು ಮದುಮಗ.

ಗಂಟಲು ಕಟ್ಟಲಿಲ್ಲ. ಅಫಜಲಪುರದ ಅಯ್ಯನವರು ಹೊಟ್ಟೆ ತುಂಬ ಹೋಳಿಗೆ ಉಂಡು, ದಕ್ಷಿಣೆ ಪಡೆದು, ಇಂಥ ಸುಸೂತ್ರ ಮದುವೆ ತಾವು ಕಂಡೇ ಇಲ್ಲವೆಂದು ಹರಸಿ ಬಸ್ ಹತ್ತಿದರು. ಹೆಂಗಸರು ಬಿಡುತ್ತಾರೆಯೇ? ಹಾಗಾದರೆ ಮದುಮಗಳಿಗೂ ಒಂದು ಜೋಡಿ ನೋಡಿಟ್ಟಿದ್ದರೇನು ಎಂದು ಅಕ್ಕನನ್ನು ಕಾಡಿದರು. ಅಕ್ಕ ಇದನ್ನು ಗಂಡನ ಮುಂದೆಯೇ ಇಟ್ಟಳು. “ನಿನಗ ಜೋಡಿ ಎಲ್ಲಿ ಸಿಗತದ ಬೇ?” ಎಂದರಂತೆ. ಅದು ಹೊಗಳಿಕೆಯೋ, ಹುಡುಕಿ ಸೋತವರ ಮಾತೋ ಎಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಕಚೇರಿಯಲ್ಲಿ ಅವರು ಒಂದು ಪದ್ಧತಿ ಹಾಕಿದ್ದರು. ತಿಂಗಳಿಗೊಂದು ದಿನ ಬೆಳಿಗ್ಗೆ ಬಂದವರೇ, ಇವತ್ತು ಇಂಥದ್ದು ಸತ್ತಿದೆ ಎಂದು ಸಾರುವುದು. ಒಂದು ತಿಂಗಳು ಟೈಪ್‌ರೈಟರ್ ಸತ್ತಿತೆಂದು ಅದರ ಮೇಲೆ ಬಿಳಿ ಬಟ್ಟೆ ಹೊದಿಸುವರು. ಎಲ್ಲರೂ ಕೈಯಲ್ಲಿ ಬರೆಯಬೇಕು. ಇನ್ನೊಂದು ತಿಂಗಳು ಫೋನು ಸಾಯುವುದು. ಸಂದೇಶ ಹೊತ್ತು ಜವಾನ ಸೈಕಲ್ ತುಳಿಯಬೇಕು. ಮತ್ತೊಂದು ತಿಂಗಳು ಕಪಾಟಿನ ಕೀಲಿ ಸಾಯುವುದು. ಜೋಡಿ ಕೀಲಿ ಎಲ್ಲಿದೆಯೆಂದು ಹುಡುಕಿ ತೆಗೆಯಬೇಕು. ನಿಜಕ್ಕೂ ಕೆಟ್ಟ ದಿನ ಯಾರೂ ತಬ್ಬಿಬ್ಬಾಗಬಾರದು, ಅದಕ್ಕೆ ಈ ತಾಲೀಮು. ಸಿಬ್ಬಂದಿ ಇದಕ್ಕಿಟ್ಟ ಹೆಸರು ‘ಸೂತಕ’. ನಮ್ಮವರಲ್ಲಿ ಸೂತಕವೇ ಇಲ್ಲ, ಶರಣರು ಎಂದೋ ತೆಗೆದುಹಾಕಿದ್ದಾರೆ. ನಮ್ಮ ಭಾವ ಅದನ್ನು ಸರ್ಕಾರಿ ಖರ್ಚಿನಲ್ಲಿ ವಾಪಸು ತಂದರು!

ಎಲ್ಲ ಸತ್ತು ಮುಗಿದ ಮೇಲೆ ಒಂದು ದಿನ ತಾವೇ ಸತ್ತರು. ಕಚೇರಿ ಎದುರಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, “ಇವತ್ತು ನಾ ಸತ್ತೇನಿ. ನನ್ನ ಏನೂ ಕೇಳಬ್ಯಾಡ್ರಿ” ಎಂದು ಕೂತುಬಿಟ್ಟರು. ಅವರ ಗ್ರಹಚಾರ, ಅಂದೇ ಮೈಸೂರು ಕಡೆಯ ಹೊಸ ಸಾಹೇಬರು ಅಧಿಕಾರ ವಹಿಸಿಕೊಳ್ಳಲು ಬಂದರು. ಸಾಹೇಬರು ಒಂದು ಫೈಲು ಎಲ್ಲಿದೆ ಎಂದು ಮರದ ಕೆಳಗೇ ಬಂದು ಕೇಳಿದರು. ಭಾವ ಬೇವಿನಕಾಯಿ ಎಣಿಸುವವರಂತೆ ಮೇಲೆ ನೋಡಿದರು. ಜವಾನ ತಾಲೀಮಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ.

ಸಾಹೇಬರೂ ಕಡಿಮೆಯವರಲ್ಲ. “ಓಹೋ, ಹಾಗೋ? ಸತ್ತವರಿಗೆ ಸರ್ಕಾರ ಸಂಬಳ ಕೊಡೋದಿಲ್ಲ. ಇವತ್ತಿನ ದಿನದ್ದು ಕಟ್ ಮಾಡಿ” ಎಂದರು.

ಈಗಲಾದರೂ ಎದ್ದು ಬರುತ್ತಾರೆ ಎಂದು ಎಲ್ಲರೂ ಕಾದರು. ಭಾವ ಮೇಲೆ ನೋಡುತ್ತಲೇ ಜವಾನನಿಗೆ ಹೇಳಿದರು. “ಪಗಾರದ ಬಿಲ್ ಮಾಡಾಂವ ನಾನ. ನಾ ಸತ್ತೇನಿ. ಯಾರು ಕಡೀತಾರ ನೋಡೂಣು.”

ಕಡಿದವನು ಖಾದರ್ ಭಾಯಿ. ಭಾವನ ಕೈಕೆಳಗೆ ಟೈಪಿಂಗ್‌ನಿಂದ ಹಿಡಿದು ಎಲ್ಲ ಕಲಿತವನು ಆತ. ತಿಂಗಳ ಕೊನೆಗೆ ಪಗಾರ ಒಂದು ದಿನದಷ್ಟು ಕಡಿಮೆ ಬಂತು. ಭಾವ ಪೇಡಾ ತಂದು ಓಣಿಗೆಲ್ಲ ಹಂಚಿದರು! “ಖಾದರ್ ನನ್ನ ಪಗಾರ ಬರೋಬ್ಬರಿ ಕಡದಾನ. ಒಂದು ತಪ್ಪಿಲ್ಲ. ಕುರ್ಚಿ ಖಾಲಿ ಇದ್ದರೂ ಕೆಲಸಕ್ಕ ಗೊತ್ತಾಗಲಿಲ್ಲ ನೋಡ್ರಿ” ಎಂದು ಎಲ್ಲರ ಮುಂದೆ ಮೆರೆದರು. ಅಕ್ಕ ಹಣೆ ಬಡಿದುಕೊಂಡು ನನಗೆ ಹೇಳಿದಳು. “ಪಗಾರ ಕಡಿಮಿ ಬಂತಂತ ಪೇಡಾ ಹಂಚಿದ ಗಂಡಸು ಈ ಮುಲ್ಕಿನ್ಯಾಗ ಇನ್ನೊಬ್ಬ ಇದ್ದರ ತೋರಸು.”

ತೊಂಬತ್ತರ ದಶಕದಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ತಣ್ಣನೆಯ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಗುಡಿಯ ಹಾಗೆ. ಎಲ್ಲರೂ ಕೈಮುಗಿದರು, ಭಾವ ಮಾತ್ರ ಅದನ್ನು ಅನುಮಾನದಿಂದ ನೋಡಿದರು. ಅದು ಒಂದೇ ಇತ್ತಲ್ಲ! ಅರ್ಜಿಯ ಮೇಲೆ ಅರ್ಜಿ ಹಾಕಿ, ಬೇರೆ ಕಚೇರಿಯಲ್ಲಿ ಮೂಲೆಗೆ ಬಿದ್ದಿದ್ದ ಇನ್ನೊಂದನ್ನು ತರಿಸಿಕೊಂಡ ಮೇಲೆಯೇ ಅವರಿಗೆ ನಿದ್ದೆ ಬಂದದ್ದು. ಕಂಪ್ಯೂಟರಿನೊಳಗಿನ ಲೆಕ್ಕಪತ್ರವನ್ನೆಲ್ಲ ವಾರವಾರವೂ ಫ್ಲಾಪಿಗೆ ಇಳಿಸಿಕೊಳ್ಳುತ್ತಿದ್ದರು. ಒಂದು ಪ್ರತಿ ಕಚೇರಿಯ ಕಪಾಟಿಗೆ. ಇನ್ನೊಂದು ಮನೆಗೆ, ಅಕ್ಕನ ತೊಗರಿಬೇಳೆ ಡಬ್ಬಿಯ ಪಕ್ಕದ ಡಬ್ಬಿಗೆ. ಜೊತೆಗೆ ಒಂದು ಹಿಡಿ ಒಣಗಿದ ಬೇವಿನೆಲೆ. ಬೇಳೆಗೆ ಹುಳ ಬೀಳದಿದ್ದರೆ ಫ್ಲಾಪಿಗೆ ಯಾಕೆ ಬೀಳಬೇಕು?

ಮೂರನೆಯ ಪ್ರತಿಗಾಗಿ ಅವರು ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ಬಸ್ ಬದಲಿಸಿ ಆಳಂದಕ್ಕೆ, ನಾನು ಸೊಸೆಯಾಗಿ ಸೇರಿದ ಮನೆಗೆ ಬರುತ್ತಿದ್ದರು. “ಜೇವರ್ಗಿ ಪೂರಾ ಮುಳುಗಿದರೂ ಭೀಮಾ ನದಿ ಆಳಂದಕ್ಕ ಬರಂಗಿಲ್ಲವ್ವ” ಎಂದು ಎರಡು ಫ್ಲಾಪಿಗಳನ್ನು ನನ್ನ ಸೀರೆಗಳ ನಡುವೆ ಇಡಿಸಿದರು. ಹೀಗೆ ನಾನು ಪಗಾರವಿಲ್ಲದ ಸರ್ಕಾರಿ ಉಗ್ರಾಣವಾದೆ. ಒಮ್ಮೆ ಬಂದು ನೋಡುತ್ತಾರೆ, ನಮ್ಮ ಅತ್ತೆ ಅದರಲ್ಲೊಂದನ್ನು ಉಪ್ಪಿನಕಾಯಿ ಬಟ್ಟಲಿಗೆ ಮುಚ್ಚಳ ಮಾಡಿದ್ದಾರೆ! ಸರ್ಕಾರದ ಮೇಲೆ ಎಣ್ಣೆ ಖಾರ ಸುರಿದಿದೆ. ನನಗೆ ಜೀವ ಹೋದಂತಾಯಿತು. ಭಾವ ಅದನ್ನು ಒರೆಸಿ ಅತ್ತೆಗೇ ವಾಪಸು ಕೊಟ್ಟು ಹೇಳಿದರು. “ಇರಲಿ ಬಿಡ್ರಿ. ಅದಕ್ಕ ಎರಡು ಕೊಟ್ಟೇನಿ.”

ನಾವೆಲ್ಲ ನಕ್ಕದ್ದೇ ನಕ್ಕದ್ದು. ಆದರೆ ಒಂದು ಮುಂಗಾರಿನಲ್ಲಿ ಆ ಕಚೇರಿಗೆ ಸಿಡಿಲು ಬಡಿಯಿತು. ಕಂಪ್ಯೂಟರ್ ಸುಟ್ಟಿತು, ಪಕ್ಕದ ಕಪಾಟೂ ಬೆಂದಿತು. ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಬೇರೆ ಕೋಣೆಯಲ್ಲಿಟ್ಟಿದ್ದ ಜೋಡಿ ಕಂಪ್ಯೂಟರ್ ಚಾಲೂ ಆಗಿತ್ತು, ಬೇವಿನೆಲೆಯ ಡಬ್ಬಿ ಮೇಜಿನ ಮೇಲಿತ್ತು. ಸಾಲಿನಲ್ಲಿ ನಿಂತ ಇಜೇರಿ ಹಳ್ಳಿಯ ರೈತರಿಗೆ ಏನೋ ಆಗಿದೆ ಎಂದೇ ತಿಳಿಯಲಿಲ್ಲ. ತಿಳಿಯದ ಮೇಲೆ ಭಾವನನ್ನು ಹೊಗಳುವವರು ಯಾರು? ಅವರ ಕಸುಬಿನ ಹಣೆಬರಹವೇ ಅದು. ಚೆನ್ನಾಗಿ ಮಾಡಿದರೆ ಏನೂ ಆಗಿರುವುದಿಲ್ಲ.

ಸುಟ್ಟದ್ದರ ಬದಲಿಗೆ ಇನ್ನೊಂದು ಕಂಪ್ಯೂಟರ್ ತರಿಸಿಟ್ಟು, ಮುಂದೆ ಅವರು ನಿವೃತ್ತರಾದರು. ಕಚೇರಿ ನಿಲ್ಲಲಿಲ್ಲ. ಮರುದಿನವೂ ನಿಲ್ಲಲಿಲ್ಲ, ಮಳೆಗಾಲದಲ್ಲೂ ನಿಲ್ಲಲಿಲ್ಲ. ಜನರೇಟರು ಒಂದೇ ಏಟಿಗೆ ಎದ್ದಿತು, ಕೀಲಿಗಳು ಸಿಕ್ಕವು, ಖಾದರ್ ಭಾಯಿ ಎಲ್ಲವನ್ನೂ ಸಲೀಸಾಗಿ ನಡೆಸಿದ. ಭಾವ ಕಚೇರಿ ಎದುರಿನ ಚಹದ ಅಂಗಡಿಯಲ್ಲಿ ದಿನವೂ ಕೂತು ಆ ಬಾಗಿಲನ್ನೇ ನೋಡುವರು. ಕರೆಂಟ್ ಹೋದರೆ ಅರ್ಧ ಏಳುವರು. ಅಷ್ಟರಲ್ಲಿ ಒಳಗಿನಿಂದ ಜನರೇಟರಿನ ಸದ್ದು ಕೇಳುವುದು. ಮತ್ತೆ ಕೂರುವರು. ಬದುಕಿಡೀ ಬೇಡಿದ್ದೇ ಸಿಕ್ಕಿತ್ತು: ಕುರ್ಚಿ ಖಾಲಿಯಾದದ್ದು ಕೆಲಸಕ್ಕೆ ಗೊತ್ತಾಗಿರಲಿಲ್ಲ. ಆದರೆ ಅವರು ಊಟ ಕಡಿಮೆ ಮಾಡಿದರು, ಮಾತು ಕಡಿಮೆ ಮಾಡಿದರು. ಸೈಕಲ್ಲಿಗೆ ಒಂದೇ ಛತ್ರಿ ಕಟ್ಟಲು ಶುರು ಮಾಡಿದರು. ಅದನ್ನು ನೋಡಿ ಅಕ್ಕನಿಗೆ ನಿಜವಾದ ಹೆದರಿಕೆ ಹುಟ್ಟಿತು.

“ಖರೇ ಹೇಳ್ತೇನಿ, ಇವರು ಸೊರಗಾಕತ್ತಾರ. ಆ ಕಚೇರಿ ಒಂದು ದಿನಾರ ನಿಂದ್ರಬಾರದಾ?” ಎಂದು ನನ್ನ ಮುಂದೆ ಅತ್ತಳು. ಖಾದರ್ ಭಾಯಿಯ ಮನೆಯಲ್ಲೂ ಇದೇ ಮಾತು ಹೇಳಿ ಬಂದಿದ್ದಳು.

ಆ ವಾರ ನಾನು ಅಕ್ಕನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಖಾದರ್ ಭಾಯಿ ಏದುಸಿರು ಬಿಡುತ್ತ ಬಂದ. “ಸಾಹೇಬ್ರ, ಕಂಪ್ಯೂಟರ್ ಬಂದ್ ಬಿದ್ದದ್ರಿ. ಜೋಡಿ ಮಶೀನೂ ಬಂದ್. ನಮಗ್ಯಾರಿಗೂ ತಿಳೀವಲ್ದು. ಜರಾ ಬರ್ರಿ.” ಭಾವ ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡೇ ಹೊರಟರು. ಮರೆತ ಎರಡನೆಯ ಛತ್ರಿ ಹಿಡಿದು ಹಿಂದೆ ನಾನು.

ಒಳಗೆ ಹೋಗಿ ನೋಡಿದರೆ ಎರಡೂ ಕಂಪ್ಯೂಟರಿನ ವೈರುಗಳು ಗೋಡೆಯಿಂದ ಹೊರಗಿವೆ. ಕಿತ್ತು ಬಿದ್ದಿಲ್ಲ. ಭಾವ ಎಲ್ಲರಿಗೂ ಕಲಿಸಿದ್ದ ರೀತಿಯಲ್ಲೇ ಚಂದವಾಗಿ ಸುರುಳಿ ಸುತ್ತಿ, ದಾರ ಕಟ್ಟಿ, ಮೊಳೆಗೆ ನೇತುಹಾಕಿದ್ದಾರೆ! ಭಾವ ನೋಡಿದರು. ಅವರು ನೋಡಿದ್ದನ್ನು ನಾನೂ ನೋಡಿದೆ. ಸಿಬ್ಬಂದಿಯೆಲ್ಲ ಫೈಲುಗಳಲ್ಲಿ ಮುಖ ಹುದುಗಿಸಿದ್ದರು.

ಭಾವ ಸ್ಕ್ರೂಡ್ರೈವರ್ ಕೇಳಿದರು. ಪೆಟ್ಟಿಗೆ ಬಿಚ್ಚಿ ಧೂಳು ಊದಿದರು, ಕರವಸ್ತ್ರ ತೆಗೆದು ಮೂಲೆ ಮೂಲೆ ಒರೆಸಿದರು. ಟಾರ್ಚ್ ತರಿಸಿದರು, ಜೋಡಿ ಟಾರ್ಚೂ ತರಿಸಿದರು. ಎಷ್ಟೋ ಹೊತ್ತು ತಲೆ ಬಗ್ಗಿಸಿ ದುಡಿದ ಮೇಲೆ, ಯಾರೂ ನೋಡದ ಹಾಗೆ ದಾರ ಬಿಚ್ಚಿ ವೈರು ಸಿಕ್ಕಿಸಿದರು. ಪರದೆ ಬೆಳಗಿತು. ತಮಗಾಗಿ ಹೇಳಿದ ಸುಳ್ಳು ಹಗುರವಾಗಿ ಕಾಣಬಾರದೆಂದು ಆ ಮನುಷ್ಯ ಅಷ್ಟು ಬೆವರು ಸುರಿಸಿದ್ದರು.

“ನೀವು ಬರಲಿಲ್ಲಂದ್ರ ಇವತ್ತಿನ ಕೆಲಸ ನಿಂತಬಿಡ್ತಿತ್ರಿ” ಎಂದ ಖಾದರ್ ಭಾಯಿ.

“ಭಾರಿ ಫಾಲ್ಟ್ ಇತ್ತು” ಎಂದು ಭಾವ ಚಹಾ ಕುಡಿದರು. ಇನ್ನೊಂದನ್ನೂ ಕುಡಿದರು.

ಮನೆಯ ಹಾದಿಯಲ್ಲಿ ಅವರೇ ಮಾತು ಶುರು ಮಾಡಿದರು. “ನೋಡಿದಿಯೇನವ್ವ? ವೈರ್ ತಗದು ಸುತ್ತಿ, ದಾರ ಕಟ್ಟಿ ಇಟ್ಟಾರ. ಕೆಟ್ಟದ್ದು ಕೆಟ್ಟಂಗ ಕಾಣಬ್ಯಾಡೇನು? ಈ ಒಂದು ಕೆಲಸ ಇನ್ನೂ ಕಲತಿಲ್ಲ. ಮುಂದಿನ ತಿಂಗಳ ಹೋಗಿ ನಾನ ಹೇಳಿಕೊಡಬೇಕು.”

ನಾನು ಹೂಂ ಎಂದೆ. ಅವರು ನನ್ನ ಕಡೆ ನೋಡದೆ ಮುಂದೆ ಮುಂದೆ ನಡೆದರು. ಒಂದು ಕರವಸ್ತ್ರ ಕಂಪ್ಯೂಟರಿನ ಧೂಳಿಗೆ ಹೋಗಿತ್ತು. ಜೇಬಿಗೆ ಕೈ ಹಾಕಿ ಇನ್ನೊಂದನ್ನು ತೆಗೆದು ಕಣ್ಣೊರೆಸಿಕೊಂಡರು.