ಸಂವೇದಕದ ಮೂಗು

ನನಗೆ ಅನುಮಾನದ ಚಟವಿದೆ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವನು ತಿರುಗಿ ಬಂದು ಜಗ್ಗಿ ನೋಡುತ್ತೇನೆ. ‘ಆ ಬೀಗಕ್ಕೂ ಬೇಜಾರಾಗಿರತ್ತೆ ಕಣ್ರೀ’ ಎನ್ನುತ್ತಾಳೆ ಹೆಂಡತಿ. ಇಂಥವನಿಗೆ ಸಿಕ್ಕ ಕೆಲಸ ನೋಡಿ: ದೇವನಹಳ್ಳಿ ಹತ್ತಿರದ ಸಣ್ಣ ಕಾರ್ಖಾನೆಯಲ್ಲಿ ಪುಟ್ಟ ಉಪಗ್ರಹಗಳಿಗೆ ಸಂವೇದಕ ಜೋಡಿಸುವುದು. ಊಟದ ಡಬ್ಬಿಯಷ್ಟಿರುವ ಈ ಯಂತ್ರ ವಾತಾವರಣದ ಮೇಲ್ಪದರದಲ್ಲಿ ಆಮ್ಲಜನಕ ಎಷ್ಟು, ಸಾರಜನಕ ಎಷ್ಟು ಎಂದು ಮೂಸಿ ಹೇಳಬೇಕು. ಅಲ್ಲಿ ಗಾಳಿ ಇರುವುದೇ ಚೂರುಪಾರು. ಹಾಗಾಗಿ ನಮ್ಮ ಬೆರಳಿನ ಜಿಡ್ಡು ತಾಕಿದರೂ ಸಾಕು, ಅದು ಆಕಾಶ ಬಿಟ್ಟು ನಮ್ಮನ್ನೇ ಮೂಸುತ್ತ ಕೂರುತ್ತದೆ.

ಕಳೆದ ತಿಂಗಳು ಒಂದು ಸೋಮವಾರ ಹಾಗೇ ಆಯಿತು. ಗಾಳಿಯನ್ನೆಲ್ಲ ಹೀರಿ ತೆಗೆದ ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟರೆ ಕಂಪ್ಯೂಟರ್ ಪರದೆಯ ಮೇಲೆ ‘ಎಣ್ಣೆ ಇದೆ’ ಎಂಬ ಗುರುತು. ತೊಳೆದು, ನಾನೇ ಕೈಯಾರೆ ಒರೆಸಿ ಇಟ್ಟರೂ ಅದೇ. ಪರೀಕ್ಷೆ ನೋಡಿಕೊಳ್ಳುವ ನಾಗವೇಣಿ ಮೇಡಂ, ‘ಶುಕ್ರವಾರದೊಳಗೆ ಇದು ಹೋಗ್ಲಿಲ್ಲ ಅಂದ್ರೆ ನಮ್ದನ್ನ ಬಿಟ್ಟೇ ಉಪಗ್ರಹ ಕಳಿಸ್ತಾರೆ’ ಎಂದರು. ಎರಡು ವರ್ಷದ ದುಡಿಮೆ.

ನನ್ನ ಕಣ್ಣು ನೇರವಾಗಿ ಹೋದದ್ದು ಜೊತೆಯಲ್ಲಿ ಜೋಡಿಸುವ ಕುಂದಾಣದ ಮುನಿರಾಜುವಿನ ತಲೆಗೆ. ಕೊಬ್ಬರಿ ಎಣ್ಣೆ ಹಚ್ಚದೆ ಹೊಸ್ತಿಲು ದಾಟುವವನಲ್ಲ. ಕೆಲಸಕ್ಕೆ ಹಾಕುವ ಟೋಪಿಯ ಅಂಚಿನಿಂದ ಎಣ್ಣೆ ಇಳಿಯುತ್ತಿದೆಯೇ ಎಂದು ಅವನ ಕಿವಿಯ ಹಿಂದೆ ಇಣುಕಿದೆ. ‘ಏನ್ ಗುರು, ಹೇನು ಹುಡುಕ್ತಿದ್ದೀಯಾ?’ ಎಂದ. ನನ್ನ ಅನುಮಾನವನ್ನು ಹೇಳಿಯೇಬಿಟ್ಟೆ. ಪಾಪ, ಮಾರನೆಯ ದಿನ ಸೀಗೆಕಾಯಿ ಹಾಕಿ ತಿಕ್ಕಿಕೊಂಡು ಬಂದ; ಆ ವಾರವಿಡೀ ಎಣ್ಣೆ ಮುಟ್ಟಲಿಲ್ಲ. ಪರದೆಯ ಗುರುತು ಮಾತ್ರ ಕದಲಲಿಲ್ಲ.

ಗುರುವಾರ ಮೇಡಂ ನಮ್ಮಿಬ್ಬರಿಗೂ ಮೊದಲಿಂದ ಎಲ್ಲವನ್ನೂ ಮಾಡಿ ತೋರಿಸಲು ಹೇಳಿದರು. ಕೊನೆಗೆ ನಾನು ಜೇಬಿನಿಂದ ರೇಷ್ಮೆ ಬಟ್ಟೆ ತೆಗೆದು ಸಂವೇದಕ ಒರೆಸಿದೆ.

‘ಅದೇನು?’

‘ನಮ್ಮನೇದು ಮೇಡಂ. ಇಲ್ಲಿ ಕೊಡೋ ಬಟ್ಟೆ ಮೇಲೆ ನಂಗೆ ನಂಬಿಕೆ ಇಲ್ಲ. ರೇಷ್ಮೆ ಅಂದ್ರೆ ಮಡಿ, ಮೈಲಿಗೆ ಆಗಲ್ಲ.’

ನಮ್ಮದು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆ. ಅಮ್ಮ ದೇವರ ಪಾತ್ರೆ ಒರೆಸುವುದೂ ಅಂಥ ಹಸಿ ರೇಷ್ಮೆಯ ಬಟ್ಟೆಯಲ್ಲೇ. ಮುನಿರಾಜು ಅದನ್ನು ಮೂಗಿಗೆ ಹಿಡಿದು, ‘ಗೂಡಿನ ಹುಳದ ಎಣ್ಣೆ ಇನ್ನೂ ಇದ್ರಲ್ಲೇ ಐತೆ ಕಣೋ’ ಎಂದ. ಹುಟ್ಟಿದಾಗಿನಿಂದ ಅದನ್ನೇ ಮೂಸಿ ಬೆಳೆದ ನನಗೆ ಅದೊಂದು ವಾಸನೆ ಎಂದೇ ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

ಮತ್ತೆ ತೊಳೆದು, ಕಾರ್ಖಾನೆಯ ಬಟ್ಟೆಯಲ್ಲೇ ಒರೆಸಿ ಇಟ್ಟೆವು. ಶುಕ್ರವಾರ ಪರದೆ ಶುಭ್ರವಾಯಿತು, ಸಂವೇದಕ ಹೊರಟಿತು. ಮುನಿರಾಜುವಿನ ತಲೆಗೆ ಎಣ್ಣೆ ಮರಳಿದೆ. ಈಗ ದಿನಾ ಬಾಗಿಲಲ್ಲಿ ನನ್ನ ಜೇಬು ತಡವಿಯೇ ಒಳಗೆ ಬಿಡುತ್ತಾನೆ. ನನಗೇನೂ ಬೇಸರವಿಲ್ಲ. ಅವನು ತಡವಿದ ಮೇಲೆ ನಾನೂ ಒಮ್ಮೆ ತಡವಿ ನೋಡಿಕೊಳ್ಳುತ್ತೇನೆ.