ಬಸವನ ಏದುಸಿರು

ಬಾನೆಟ್ ಎತ್ತಿ ಒಳಗೆ ನೋಡುವಾಗ ಗಂಡಸರೆಲ್ಲ ಒಂದು ಮುಖ ಮಾಡುತ್ತಾರೆ. ಹುಬ್ಬು ಗಂಟಿಕ್ಕಿ, ಕೆಳತುಟಿ ಮುಂದೆ ಚಾಚಿ, ಒಂದು ಕೈಯನ್ನು ಸೊಂಟದ ಮೇಲಿಟ್ಟು, ಇನ್ನೊಂದು ಕೈಯಿಂದ ಯಾವುದೋ ವೈರನ್ನು ಸ್ವಲ್ಪ ಅಲ್ಲಾಡಿಸಿ 'ಹೂಂ' ಅನ್ನುತ್ತಾರೆ. ಆ ಮುಖ ನನಗೂ ಚೆನ್ನಾಗಿ ಬರುತ್ತದೆ. ಅದರಾಚೆಗೆ ಮಾತ್ರ ಏನೂ ಬರುವುದಿಲ್ಲ. ಮೀಸೆ ಕಪ್ಪಿದ್ದ ಕಾಲದಿಂದ ಗಾಡಿ ಓಡಿಸುತ್ತಿದ್ದರೂ ಎಂಜಿನ್ನಿನ ಬಗ್ಗೆ ನನಗಿರುವ ತಿಳಿವಳಿಕೆ, ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದೇ ತೂತಿಗೆ ಹಾಕುವಲ್ಲಿಗೆ ಮುಗಿಯುತ್ತದೆ. ಹಾಗಿದ್ದೂ ದಾರಿಯಲ್ಲಿ ಯಾರಾದರೂ ಬಾನೆಟ್ ಎತ್ತಿ ನಿಂತಿದ್ದರೆ ನಾನು ಇಳಿದು ಪಕ್ಕದಲ್ಲಿ ನಿಂತು, ಆ ಮುಖ ಮಾಡಿ, ಎರಡು ಸಲ 'ಹೂಂ' ಅನ್ನದೆ ಮುಂದೆ ಹೋದವನಲ್ಲ. ಕಷ್ಟದಲ್ಲಿದ್ದವರಿಗೆ ಅಷ್ಟಾದರೂ ಮಾಡದಿದ್ದರೆ ಹೇಗೆ?

ನ್ಯಾಮತಿಯಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮದು ಅಂದೆ; ಬಾಡಿಗೆ ಮಾತಾಡುವುದು, ವಾಪಸು ಬಂದ ಲೋಟ ಎಣಿಸುವುದು, ಬಾರದ ಸೌಟಿಗಾಗಿ ಮದುವೆ ಮನೆಯವರ ಜೊತೆ ಜಗಳ ಆಡುವುದು ಎಲ್ಲವೂ ನನ್ನ ಹೆಂಡತಿ ಗಿರಿಜೆಯದು. ನನ್ನ ಪಾಲಿಗೆ ಇರುವುದು ಪಿಕಪ್ ಓಡಿಸುವ ಕೆಲಸ ಒಂದೇ. ಗಾಡಿ ಬಿಳಿ ಬಣ್ಣದ್ದು, ಭಾರ ಎಳೆಯುವಂಥದ್ದು, ಮುಂಭಾಗ ನೋಡಿದರೆ ಸ್ವಲ್ಪ ಸಿಟ್ಟು ಬಂದಂತೆ ಕಾಣುತ್ತದೆ. ಆದ್ದರಿಂದ ಗಿರಿಜೆ ಅದಕ್ಕೆ ಬಸವ ಎಂದು ಹೆಸರಿಟ್ಟಿದ್ದಾಳೆ. ಬಸವ ಇರುವತನಕ ನಾನು ಊರಲ್ಲಿ 'ಶಾಮಿಯಾನದ ಯಜಮಾನ್ರು'. ಬಸವ ಹೋದರೆ ಗಿರಿಜೆಯ ಅಂಗಡಿಯಲ್ಲಿ ಸುಮ್ಮನೆ ಒಂದು ಕುರ್ಚಿ ಹಿಡಿದು ಕೂತವನು, ಅದೂ ಬಾಡಿಗೆಗೆ ಹೋಗಬೇಕಾದ ಕುರ್ಚಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನಾನು ಪಟ್ಟ ಸಂಕಟ ಬರೀ ಡೀಸೆಲ್ಲಿನದಲ್ಲ ಎಂದು ನಿಮಗೆ ತಿಳಿದಿರಲಿ.

ಹೋದ ವರ್ಷದ ಆಯುಧಪೂಜೆಗೆ ಗಿರಿಜೆ ತನ್ನ ತವರಿನ ದೇವಸ್ಥಾನದಿಂದ ಮಂತ್ರಿಸಿದ ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿ ತಂದಳು. ಬಸವನಿಗೆ ದೃಷ್ಟಿಯಾಗಿದೆ ಎಂಬುದು ಅವಳ ಅನುಮಾನ. ಕಾಯಿ ಗಾಡಿಯಲ್ಲೇ ಇರಬೇಕು, ಯಾರ ಕಾಲಿಗೂ ತಾಗಬಾರದು, ಎಂಜಲು ಕೈ ಮುಟ್ಟಬಾರದು ಎಂದು ಪೂಜಾರಿ ಹೇಳಿದ್ದರಂತೆ. ಮುಂದುಗಡೆ ಗಾಜಿನ ಹತ್ತಿರ ಇಟ್ಟು ನೋಡಿದೆ. ಮೊದಲ ತಿರುವಿನಲ್ಲೇ ಉರುಳಿ ಬಂದು ಬ್ರೇಕಿನ ಕೆಳಗೆ ಕೂತು, ದೇವರ ರಕ್ಷಣೆ ಎಂದರೆ ಏನೆಂದು ತೋರಿಸಿಬಿಟ್ಟಿತು. ಸೀಟಿನ ಕೆಳಗೆ ಇಡೋಣವೆಂದರೆ ಕಾಲು. ಹಿಂದುಗಡೆ ಸಾಂಬಾರಿನ ಕೊಳಗ. ಕೊನೆಗೆ ಬಾನೆಟ್ ಎತ್ತಿ, ನನ್ನ ಆ ಮುಖ ಮಾಡಿ ನೋಡುವಾಗ, ಒಂದು ಮೂಲೆಯಲ್ಲಿ ಅಗಲ ಬಾಯಿಯ ಕಪ್ಪು ಪ್ಲಾಸ್ಟಿಕ್ ಕೊಳವೆ ಕಂಡಿತು. ಸುಮ್ಮನೆ ಬಾಯಿ ತೆರೆದುಕೊಂಡು ಖಾಲಿ ಕೂತಿತ್ತು. ಕಾಯಿ ಅದರ ಮುಂದೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಬಿಗಿಯಾಗಿ ದಾರ ಸುತ್ತಿದೆ. ಗಾಡಿ ಮಾಡಿದವರು ನಮ್ಮ ಕಡೆಯ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದಾರೆ ಎಂದು ಗಿರಿಜೆಗೆ ಹೇಳಿದೆ. ಅವಳೂ ಅಪರೂಪಕ್ಕೆ ನನ್ನನ್ನು ಮೆಚ್ಚಿದಳು.

ಅದಾದ ಕೆಲವು ದಿನಕ್ಕೆ ಸೂರಗೊಂಡನಕೊಪ್ಪದ ಕಡೆ ಒಂದು ತೊಟ್ಟಿಲ ಕಾರ್ಯಕ್ಕೆ ಕಂಬ, ಕುರ್ಚಿ ತುಂಬಿಕೊಂಡು ಹೊರಟಿದ್ದೆ. ಏರಿನಲ್ಲಿ ಬಸವ ಏದುಸಿರು ಬಿಡಲು ಶುರುಮಾಡಿದ. ಎಷ್ಟು ಒತ್ತಿದರೂ ಮೇಲೆ ಹೋಗಲೊಲ್ಲ. ಹಿಂದೆ ಕಪ್ಪು ಹೊಗೆ. ಸೊಪ್ಪಿನ ಹೊರೆ ಹೊತ್ತು ನಡೆಯುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ, ಒಮ್ಮೆ ತಿರುಗಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದಳು. ಅಂಥ ಅವಮಾನ ನನಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಆಗಿರಲಿಲ್ಲ.

ಮೊದಲು ನಮ್ಮ ನ್ಯಾಮತಿಯ ಮೆಕ್ಯಾನಿಕ್ಕು. ಅವನು ಕಿವಿಯಿಂದ ರೋಗ ಹಿಡಿಯುವವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಕೇಳಿದ. ಇಂಜೆಕ್ಟರ್ ಹೋಗಿದೆ ಅಂದ. ಗಾಳಿಯ ಫಿಲ್ಟರ್ ಬಿಚ್ಚಿ ನೋಡಿ, ಇಷ್ಟು ಕ್ಲೀನ್ ಆಗಿ ಗಾಡಿ ಇಟ್ಟುಕೊಂಡವರನ್ನು ತಾನು ನೋಡೇ ಇಲ್ಲ ಎಂದು ಹೊಗಳಿದ. ನಾನು ಉಬ್ಬಿಹೋದೆ. ಕೆಂಪು ಗಂಟು ಕಂಡದ್ದೇ ಎಣ್ಣೆ ಕೈಯನ್ನು ಹಿಂದಕ್ಕೆ ತೆಗೆದು, ಎದೆ ಮುಟ್ಟಿ ನಮಸ್ಕಾರ ಮಾಡಿ, ಆ ಕಡೆಯಿಂದ ಕೆಲಸ ಮಾಡುವುದು ಸಲೀಸಿದ್ದರೂ ಈ ಕಡೆಯಿಂದ ಬಗ್ಗಿ ಕಷ್ಟಪಟ್ಟು ಮಾಡಿದ. ಇಂಜೆಕ್ಟರುಗಳು ಬದಲಾದವು. ಗ್ಯಾರೇಜಿನ ಮುಂದೆ ಖಾಲಿ ಗಾಡಿ ಝುಮ್ಮೆಂದು ಓಡಿತು. ಕುರ್ಚಿ ತುಂಬಿದ ಮೇಲೆ ಮತ್ತೆ ಅದೇ ಅಜ್ಜಿಯ ವೇಗ.

ಗಿರಿಜೆ, ದೇವರಿಗೆ ನಾವು ಮಾಡಿದ್ದು ಸಾಲದೇನೋ ಎಂದು ಎರಡು ನಿಂಬೆಹಣ್ಣು, ಒಂದು ವಿಭೂತಿ ಗಟ್ಟಿ ತಂದಳು. ಅವನ್ನೂ ಅದೇ ಗಂಟಿನ ಸಂದಿಯಲ್ಲಿ ತುರುಕಿದೆ.

ಆಮೇಲೆ ಹೊನ್ನಾಳಿ. ಮೆಕ್ಯಾನಿಕ್ಕರ ಮೊದಲ ಮಾತು ಯಾವಾಗಲೂ ಒಂದೇ ಎಂದು ನನಗೆ ಅಲ್ಲಿ ತಿಳಿಯಿತು. "ಯಾರ್ರೀ ಇದನ್ನ ಬಿಚ್ಚಿದ್ದು?" ಹಳೆ ಹೊಲಿಗೆ ನೋಡಿದ ದರ್ಜಿಯೂ ಹೀಗೇ ಕೇಳುತ್ತಾನೆ, ಹಲ್ಲಿನ ಡಾಕ್ಟರೂ ಹೀಗೇ ಕೇಳುತ್ತಾರೆ. ನಾವು ತಪ್ಪು ಮಾಡಿದ ಮಕ್ಕಳಂತೆ ತಲೆ ತಗ್ಗಿಸಬೇಕು. ಈತ ಹೊಗೆಯಿಂದ ರೋಗ ಹಿಡಿಯುವವನು. ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದು, ಬಂದ ಮಸಿಯನ್ನು ಮೂಸಿ, ಟರ್ಬೊ ಹೋಗಿದೆ ಅಂದ. ಫಿಲ್ಟರ್ ನೋಡಿ ಅವನೂ ಹೊಗಳಿದ. ಗಂಟಿನ ಮೇಲೆ ಎಣ್ಣೆ ಸಿಡಿಯಬಾರದೆಂದು, ಪಾಪ, ಒಳ್ಳೆಯ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ನಾಲ್ಕೂ ಕಡೆ ಕಟ್ಟಿ ಕೊಟ್ಟ. ಅದಕ್ಕೆ ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಟರ್ಬೊಗೆ ತೆಗೆದುಕೊಂಡದ್ದರಲ್ಲಿ ಮೂರು ಮದುವೆಯ ಬಾಡಿಗೆ ಹೋಯಿತು. ಬಸವ ಈಗ ಸಪಾಟು ರಸ್ತೆಯಲ್ಲೂ ಏದುಸಿರು ಬಿಡತೊಡಗಿದ.

ಚನ್ನಗಿರಿಯಲ್ಲಿ ಕಂಪ್ಯೂಟರ್ ಇಟ್ಟವನಿದ್ದಾನೆ ಎಂದು ಯಾರೋ ಹೇಳಿದರು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂಬ ಧೈರ್ಯದಲ್ಲಿ ಹೋದೆ. ಅದು ನಿಜವಾಗಿಯೂ ಸುಳ್ಳು ಹೇಳಲಿಲ್ಲ. ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ತೋರಿಸಿತು. ಮೆಕ್ಯಾನಿಕ್ ಫಿಲ್ಟರ್ ತೆಗೆದು ನೋಡಿದ, ಹಾಲಿನಂತೆ ಬೆಳ್ಳಗಿತ್ತು, ಅವನೂ ಹೊಗಳಿದ. ಫಿಲ್ಟರ್ ಇಷ್ಟು ಚೆನ್ನಾಗಿರುವಾಗ ಗಾಳಿ ಕಮ್ಮಿ ಆಗಲು ಸಾಧ್ಯವೇ ಇಲ್ಲ, ಆದ್ದರಿಂದ ಕಮ್ಮಿ ಎಂದು ಹೇಳುತ್ತಿರುವ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನಿಸಿದ. ನನಗೆ ಅವನ ತರ್ಕ ಬಹಳ ಹಿಡಿಸಿತು. ನಿಜ ಹೇಳಿದವನನ್ನು ಕಿತ್ತೆಸೆದು ಹೊಸಬನನ್ನು ಹಾಕಿದೆವು. ಹೊಸಬನೂ ಅದನ್ನೇ ಹೇಳಿದ. ಆಗ ಮೆಕ್ಯಾನಿಕ್ ಕೈ ಒರೆಸಿಕೊಂಡು, ಆಸ್ಪತ್ರೆಯಲ್ಲಿ ಮಾತಾಡುವಂತೆ ದನಿ ತಗ್ಗಿಸಿದ.

"ಯಜಮಾನ್ರೆ, ಒಳಗೇ ಹೋಗೈತೆ. ಎಂಜಿನ್ ಇಳಿಸಬೇಕು. ಅಷ್ಟು ಖರ್ಚು ಮಾಡಾಕೆ ಹೋಗ್ಬ್ಯಾಡ್ರಿ, ಬಂದಷ್ಟಕ್ಕೆ ಕೊಟ್ಟುಬಿಡ್ರಿ."

ಚನ್ನಗಿರಿಯಿಂದ ನ್ಯಾಮತಿಯತನಕ ಬಸವನನ್ನು ತಳ್ಳಿದಷ್ಟೇ ನಿಧಾನವಾಗಿ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ಕಣ್ಣು ತುಂಬಿತು. ಹೊಗೆಯಿಂದ ಎಂದು ಹೇಳಬಹುದಿತ್ತು, ಆದರೆ ಹೊಗೆ ಹಿಂದೆ ಹೋಗುತ್ತಿತ್ತು.

ಮದುವೆ ಸೀಸನ್ ಮುಂದಿತ್ತು. ಎಂಜಿನ್ ಇಳಿಸುವ ಶಕ್ತಿ ನಮಗಿರಲಿಲ್ಲ. ಮಾರುವುದೆಂದು ನಿರ್ಧಾರವಾಯಿತು. ಜಗಳೂರಿನ ತಿಪ್ಪೇಸ್ವಾಮಿ ಎಂಬ ಕುರಿ ವ್ಯಾಪಾರಿ ಫೋನಿನಲ್ಲಿ ವಿಚಾರಿಸಿದ. ನಾನು ಮುಚ್ಚಿಡದೆ, ಗಾಡಿಗೆ ಏದುಸಿರು ಇದೆ, ಎಂಜಿನ್ ಕೆಲಸ ಇದೆ ಅಂದೆ. ಅದಕ್ಕೆ ತಕ್ಕ ಕಡಿಮೆ ರೇಟು ಮಾತಾಯಿತು. ಕೊಟ್ಟೆ ಎಂದು ಬಾಯಿಬಿಟ್ಟು ಹೇಳಿಯೂ ಆಯಿತು. ನಮ್ಮ ಕಡೆ ಹಾಗೆ ಹೇಳಿದ ಮೇಲೆ ಮಾರುವವನು ಹಿಂದೆ ಸರಿಯುವ ಹಾಗಿಲ್ಲ. ನೋಡಿದ ಮೇಲೆ ಬೇಡ ಅನ್ನುವ ಹಕ್ಕು ಕೊಳ್ಳುವವನಿಗೆ ಮಾತ್ರ.

ಅವನು ಬರುವ ದಿನ ಬೆಳಿಗ್ಗೆ ಗಿರಿಜೆ ಬಾನೆಟ್ ಎತ್ತಿಸಿ, ಪ್ಲಾಸ್ಟಿಕ್ ಹಾಳೆ ಹರಿದು, ದಾರ ಕತ್ತರಿಸಿ, ನಿಂಬೆಹಣ್ಣು ವಿಭೂತಿ ಸಮೇತ ಕೆಂಪು ಗಂಟನ್ನು ಮಡಿಲಿಗೆ ಹಾಕಿಕೊಂಡಳು. "ಬಸವ ಹೋಗ್ತಾನೆ ಅಂದ್ರೆ ಹೋಗ್ಲಿ. ಕಾಯಿ ನನ್ನ ತವರಿನದು, ಅದನ್ನ ಜಗಳೂರಿಗೆ ಕಳ್ಸಲ್ಲ ನಾನು" ಅಂದಳು. ಅಷ್ಟು ಹೇಳಿ, ಬಾನೆಟ್ ಮುಚ್ಚಿ, ಅದರ ಮೇಲೆ ಕೈಯಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೌಟಿಗೆ ಜಗಳ ಆಡುವ ಹೆಂಗಸು ಅಳುವುದನ್ನು ನೋಡುವುದು ಬಹಳ ಕಷ್ಟ. ನಾನು ಚಕ್ರಕ್ಕೆ ಗಾಳಿ ಇದೆಯೇ ಎಂದು ನೋಡುತ್ತಾ ಹಿಂದಕ್ಕೆ ಹೋದೆ.

ತಿಪ್ಪೇಸ್ವಾಮಿ ಬಸ್ಸಿಳಿದು ಬಂದ. ಬಿಗಿದ ಬಾಯಿಯ, ಚೂಪು ಕಣ್ಣಿನ ಮನುಷ್ಯ. ಗಾಡಿಯ ಹಲ್ಲು ಎಣಿಸುವುದೊಂದು ಬಿಟ್ಟು ಉಳಿದೆಲ್ಲ ಪರೀಕ್ಷೆ ಮಾಡಿದ. ಖಾಲಿ ಗಾಡಿ ಎಲ್ಲವೂ ಓಡುತ್ತವೆ, ಲೋಡು ಹಾಕಿ ಎಂದ. ಶಾಮಿಯಾನದ ಕಂಬಗಳನ್ನೆಲ್ಲ ತುಂಬಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಮಾನವೊಂದು ಬಾಕಿ ಇದೆಯಲ್ಲ ಎಂದು ಅದೇ ಸೂರಗೊಂಡನಕೊಪ್ಪದ ಏರಿಗೆ ಹೊರಟೆ. ಏರು ಬಂತು. ಹಲ್ಲು ಕಚ್ಚಿ ಒತ್ತಿದೆ.

ಬಸವ ಹಾರಿದ. ಹಾಗೇ ಹೇಳಬೇಕು. ಮೂರನೇ ಗೇರಿನಲ್ಲಿ ಏರು ಕರಗಿಹೋಯಿತು. ಹೊಗೆಯಿಲ್ಲ, ಏದುಸಿರಿಲ್ಲ, ಹಳೆಯ ಸಿಟ್ಟೆಲ್ಲ ವಾಪಸು ಬಂದಂತೆ ಗುಟುರು ಹಾಕುತ್ತಾ ನುಗ್ಗಿದ. ನನಗೆ ಮೊದಲು ಸಂತೋಷವಾಯಿತು, ಮರುಕ್ಷಣವೇ ರೇಟು ನೆನಪಾಯಿತು. ಇಂಥ ಗಾಡಿಯನ್ನು ಗುಜರಿ ರೇಟಿಗೆ ಕೊಟ್ಟೆ ಎಂದಿದ್ದೇನೆ! ಜೀವನದಲ್ಲಿ ಮೊದಲ ಬಾರಿಗೆ ನನ್ನ ಗಾಡಿ ಕೆಟ್ಟು ನಿಲ್ಲಲಿ ಎಂದು ಶಿವನನ್ನು ಬೇಡಿಕೊಂಡೆ. ಬೇಕೆಂದೇ ತಪ್ಪು ಗೇರು ಹಾಕಿದೆ. ಬಸವ ಅದನ್ನೂ ಸಹಿಸಿಕೊಂಡ. ಇಂಜೆಕ್ಟರ್, ಟರ್ಬೊ, ಸೆನ್ಸರ್ ಎಂದು ಮೂರೂ ಊರಿನ ಮಾತುಗಳನ್ನು ಒಂದೊಂದಾಗಿ ತಿಪ್ಪೇಸ್ವಾಮಿಯ ಕಿವಿಗೆ ಹಾಕಿದೆ. ಅವನು ಏರಿನ ತುದಿಯಲ್ಲಿ ನಿಲ್ಲಿಸಲು ಹೇಳಿ ಇಳಿದು, ಬಾನೆಟ್ ಎತ್ತಿಸಿ, ಆ ಮುಖ ಮಾಡಿದ.

"ನೀವು ಹೇಳಿದ ಕಾಯಿಲೆ ಎಲ್ಲೈತ್ರೀ?" ಎಂದ.

"ಐತೆ. ಈಗ ಕಾಣ್ತಿಲ್ಲ ಅಷ್ಟೆ" ಎಂದೆ. ದೇವರಾಣೆಗೂ ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ.

ಅವನು ಬಾನೆಟ್ ಮುಚ್ಚಿದ. "ನೋಡ್ರಿ ಯಜಮಾನ್ರೆ, ಕುಂಟೋ ಕುರಿ ಆದ್ರೆ ನಾನು ಕಣ್ಮುಚ್ಚಿ ತಗಂತೀನಿ, ಯಾಕಂದ್ರೆ ಕಾಲು ಕಾಣ್ತೈತೆ. ಎಲ್ಲಾ ಸರಿ ಇದ್ದು ಕಮ್ಮಿ ರೇಟಿಗೆ ಕೊಡೋ ಕುರಿ ಮಾತ್ರ ಮುಟ್ಟಲ್ಲ. ನಿಮ್ಮ ಗಾಡೀಗೆ ಏನೋ ದೊಡ್ಡದೇ ಐತೆ. ನನಗೆ ಬ್ಯಾಡ."

ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಟೀ ಕುಡಿಸಿ, ಬೇಡ ಬೇಡವೆಂದರೂ ಬಿಸ್ಕತ್ತನ್ನೂ ಕೊಡಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವತನಕ ಕೈ ಬೀಸಿದೆ. ಸ್ವಂತ ಬೀಗರನ್ನೂ ನಾನು ಅಷ್ಟು ಪ್ರೀತಿಯಿಂದ ಬೀಳ್ಕೊಟ್ಟಿಲ್ಲ. ಆಮೇಲೆ ಅಲ್ಲೇ ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿದೆ. ಕಪ್ಪು ಕೊಳವೆಯ ಬಾಯಿ ಖಾಲಿ ಇತ್ತು. ಕಾಯಿಯ ಜಾಗವಲ್ಲವೇ ಎಂದು ಭಕ್ತಿಯಿಂದ ಅಂಗೈ ಇಟ್ಟೆ. ಕೊಳವೆ ನನ್ನ ಕೈಯನ್ನು ಒಳಕ್ಕೆ ಎಳೆದುಕೊಂಡಿತು, ಬಸವ ಕೆಮ್ಮಿದ. ಕೈ ತೆಗೆದೆ, ಬಸವ ಉಸಿರಾಡಿದ. ಮತ್ತೆ ಇಟ್ಟೆ, ಮತ್ತೆ ಕೆಮ್ಮಿದ. ಅದು ದೇವರ ಗೂಡಲ್ಲ, ಬಸವನ ಮೂಗು. ಒಳಗೆ ಏನೂ ಹೋಗದೇ ಇದ್ದದ್ದರಿಂದಲೇ ಫಿಲ್ಟರ್ ಅಷ್ಟು ಬೆಳ್ಳಗಿತ್ತು. ನಾನು ಅಲ್ಲೇ ಬಂಪರಿನ ಮೇಲೆ ಕೂತು ನಕ್ಕೆ, ಜನ ತಿರುಗಿ ನೋಡುವಷ್ಟು ನಕ್ಕೆ. ಎದೆಯ ಮೇಲಿದ್ದ ಕಲ್ಲೊಂದು ಇಳಿದಂತಾಗಿತ್ತು. ಬಸವ ನನ್ನವನೇ, ನಾನು ಇನ್ನೂ ಯಜಮಾನನೇ.

ಆಮೇಲೆ ಮೂರೂ ಮೆಕ್ಯಾನಿಕ್ಕರು ಎದುರಾದಾಗಲೆಲ್ಲ, ತಾವು ಮಾಡಿದ ಕೆಲಸ ಮೈಗೆ ಹತ್ತಲು ಸ್ವಲ್ಪ ಟೈಮ್ ಬೇಕು ನೋಡಿ, ಈಗ ಹೇಗಿದೆ ಎಂದು ಕೇಳುತ್ತಾರೆ. ಬಹಳ ಚೆನ್ನಾಗಿದೆ ಅನ್ನುತ್ತೇನೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಎಂಜಿನ್ನನ್ನೇ ಬಿಚ್ಚಲು ಹಿಂಜರಿಯದವರು ದೇವರ ಗಂಟನ್ನು ಮಾತ್ರ ಮುಟ್ಟಲಿಲ್ಲ. ಗಂಟು ಕಟ್ಟಿದವನ ಮರ್ಯಾದೆಯನ್ನೂ ಕಾಪಾಡಿದರು.

ಗಿರಿಜೆಗೆ ಮಾತ್ರ ಎಲ್ಲ ಹೇಳಿದೆ. ನಿನ್ನ ಕಾಯಿಯಿಂದಲೇ ಇಷ್ಟೆಲ್ಲ ಆಯಿತು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ಲೋಟ ಎಣಿಸುವುದನ್ನು ನಿಲ್ಲಿಸದೆ, ಕಾಯಿ ತಂದದ್ದು ತಾನು, ಮೂಗಿಗೆ ತುರುಕಿದ್ದು ಯಾರು ಎಂದು ಕೇಳಿದಳು. ಈ ಸಲದ ಆಯುಧಪೂಜೆಗೆ ಹೊಸ ಕಾಯಿ ಬಂದಿದೆ, ಹೊಸ ಕೆಂಪು ಬಟ್ಟೆಯಲ್ಲಿ. ನನ್ನ ಕೈಗೆ ಕೊಡಲಿಲ್ಲ. ಜಾಗವನ್ನು ಅವಳೇ ಹುಡುಕಿದಳು.

"ತೊಂದರೆ ಎಲ್ಲಿಂದ ಬರ್ತೈತೋ ಅಲ್ಲೇ ಕಟ್ಟಬೇಕಂತ್ರೀ, ಪೂಜಾರಿ ಹೇಳ್ಯಾರೆ" ಎಂದು, ಡ್ರೈವರ್ ಸೀಟಿನ ಮೇಲ್ಗಡೆ, ಸರಿಯಾಗಿ ನನ್ನ ತಲೆಯ ಹತ್ತಿರ ಕಟ್ಟಿ ತೂಗುಹಾಕಿದ್ದಾಳೆ. ತಿರುವಿನಲ್ಲಿ ಬಂದು ಕಿವಿಯ ಮೇಲೆ ಮೊಟಕುತ್ತದೆ. ಬಸವ ಚೆನ್ನಾಗಿ ಓಡುತ್ತಿದ್ದಾನೆ.